ನಾನು ಮನೆ ಹುಡುಕಿಕೊಟ್ಟ ನಾಯಿ 11 ದಿನಕ್ಕೆ ವಾಪಸ್ ಬಂದಿದೆ. ಎಲ್ಲಿ ತಪ್ಪಾಯಿತು?

ಸೋಮವಾರದ_ವಾಲಂಟಿಯರ್:

ಎಲ್ಲರಿಗೂ ನಮಸ್ಕಾರ. ನಾಲ್ಕು ತಿಂಗಳಿಂದ ಒಂದು ಶೆಲ್ಟರ್‌ಗೆ ವಾಲಂಟಿಯರ್ ಆಗಿ ಹೋಗುತ್ತಿದ್ದೇನೆ. ಮೊದಮೊದಲು ಗೂಡು ತೊಳೆಯುವುದು, ನಾಯಿಗಳನ್ನು ವಾಕಿಂಗ್ ಕರೆದುಕೊಂಡು ಹೋಗುವುದು ಅಷ್ಟೇ ಇತ್ತು. ಎರಡು ತಿಂಗಳಿಂದ ಅಡಾಪ್ಷನ್ ಕೆಲಸವನ್ನೂ ಕೊಟ್ಟಿದ್ದಾರೆ. ಫೋಟೋ ತೆಗೆದು ಪೋಸ್ಟ್ ಹಾಕಬೇಕು, ಫೋನ್ ಬಂದರೆ ಮಾತಾಡಬೇಕು, ಬಂದವರಿಗೆ ತೋರಿಸಬೇಕು.

ಎರಡು ಬೆಕ್ಕಿನ ಮರಿಗೆ, ಒಂದು ನಾಯಿಮರಿಗೆ ಮನೆ ಸಿಕ್ಕಿತು. ನಾಲ್ಕನೆಯವಳು ಚುಕ್ಕಿ. ಎರಡು ವರ್ಷದ ಹೆಣ್ಣು ನಾಯಿ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿಕೊಂಡಿರುತ್ತದೆ. ಅವಳ ಪೋಸ್ಟ್‌ನಲ್ಲಿ ನಾನು ಬರೆದಿದ್ದು "ಪಾಪದ ಕೂಸು, ಯಾರ ಜೊತೆ ಬೇಕಾದರೂ ಹೊಂದಿಕೊಳ್ಳುತ್ತಾಳೆ" ಅಂತ. ಒಂದು ಕುಟುಂಬ ಬಂದು ನೋಡಿ ಅವತ್ತೇ ಕರೆದುಕೊಂಡು ಹೋಯಿತು. 11 ದಿನಕ್ಕೆ ವಾಪಸ್ ತಂದರು. ಒಬ್ಬಳನ್ನೇ ಬಿಟ್ಟರೆ ಊಳಿಡುತ್ತಾಳಂತೆ, ಬಾಗಿಲಿನ ಚೌಕಟ್ಟು ಕಚ್ಚಿ ಹಾಕಿದ್ದಾಳಂತೆ, ಮನೆಯ ಅಜ್ಜಿಯ ಮೇಲೆ ಗುರ್ರ್ ಅಂದಳಂತೆ. ಶೆಲ್ಟರ್ ಗೇಟು ಕಂಡ ಕೂಡಲೇ ಚುಕ್ಕಿ ಬಾಲ ಅಲ್ಲಾಡಿಸಿದಳು. ಅದನ್ನು ನೋಡಿ ನನಗೆ ಅಳು ಬಂತು.

ಒಂದು ವಿಷಯ ಇಲ್ಲಿ ಹೇಳಿಬಿಡುತ್ತೇನೆ. ಪಕ್ಕದ ಗೂಡಿನ ನಾಯಿಯನ್ನು ಕರೆದುಕೊಂಡು ಹೋದಾಗಲೆಲ್ಲ ಅವಳು ಅಳುತ್ತಿದ್ದಳು. ನನಗೆ ಗೊತ್ತಿತ್ತು. ಹೇಳಿದರೆ ಯಾರೂ ತೆಗೆದುಕೊಳ್ಳಲ್ಲ ಅಂತ ಹೇಳಲಿಲ್ಲ.

ಈಗ ಫೋನ್ ರಿಂಗ್ ಆದರೆ ಎತ್ತಲು ಭಯ. ಬಂದವರನ್ನು ಏನು ಕೇಳಬೇಕು? ಜಾಸ್ತಿ ಕೇಳಿದರೆ ಪೊಲೀಸ್ ವಿಚಾರಣೆ ಥರ ಆಗುತ್ತೆ, ಕೆಲವರು ಎದ್ದೇ ಹೋಗುತ್ತಾರೆ. ಒಬ್ಬರು ಮಗಳ ಹುಟ್ಟುಹಬ್ಬಕ್ಕೆ ಸರ್ಪ್ರೈಸ್ ಆಗಿ ನಾಯಿಮರಿ ಬೇಕು ಅಂತ ದಿನಾ ಫೋನ್ ಮಾಡುತ್ತಿದ್ದಾರೆ. ಅವರಿಗೆ ಏನು ಹೇಳಲಿ? ಇನ್ನು ಕರಿಯ. 7 ವರ್ಷದ ಕಪ್ಪು ನಾಯಿ, ಬಂದು 14 ತಿಂಗಳಾಯಿತು, ಅವನನ್ನು ಕೇಳಿ ಒಂದೇ ಒಂದು ಫೋನ್ ಬಂದಿಲ್ಲ. ಫೋಟೋ ತೆಗೆದರೆ ಇದ್ದಿಲಿನ ರಾಶಿಗೆ ಎರಡು ಚುಕ್ಕೆ ಇಟ್ಟ ಹಾಗೆ ಬರುತ್ತದೆ.

ಅನುಭವ ಇದ್ದವರು ಹೇಳಿ. ಬೈದರೂ ಪರವಾಗಿಲ್ಲ.

ಅರ್ಧ_ಚಪ್ಪಲಿ:

ಬೈಯಲ್ಲ. ನೀವೇ ಬೈದುಕೊಂಡಾಗಿದೆ. ಆದರೆ "ನಿಮ್ಮ ತಪ್ಪೇನೂ ಇಲ್ಲ ಬಿಡಿ" ಅಂತಲೂ ಹೇಳಲ್ಲ. ಪಕ್ಕದ ಗೂಡು ಖಾಲಿಯಾದರೆ ಚುಕ್ಕಿ ಅಳುತ್ತಾಳೆ ಅನ್ನುವ ಆ ಒಂದು ಸಾಲು ಪೋಸ್ಟ್‌ನಲ್ಲಿ ಇದ್ದಿದ್ದರೆ ಆ ಮನೆಯವರು ಬರುತ್ತಲೇ ಇರಲಿಲ್ಲ. ಮನೆಯಲ್ಲಿ ಈಗಾಗಲೇ ಒಂದು ನಾಯಿ ಇರುವವರು ಯಾರೋ ಬರುತ್ತಿದ್ದರು.

ನನಗೆ ಈ ಕೆಲಸದಲ್ಲಿ 9 ವರ್ಷ. ಮೊದಲ ವರ್ಷ ಗುಂಡ ಅಂತ ಒಂದು ಕಂದು ನಾಯಿ ಇದ್ದ. "ಮಕ್ಕಳೆಂದರೆ ಪ್ರಾಣ" ಅಂತ ಬರೆದೆ. ನಾನು ನೋಡಿದ್ದು ಏನು ಗೊತ್ತಾ? ಜಾಲರಿಯ ಆಚೆ ನಿಂತ ಒಂದು ಮಗುವಿನ ಕೈಯನ್ನು ಅವನು ನೆಕ್ಕಿದ್ದು. ಐದು ನಿಮಿಷ. ಅಷ್ಟರಿಂದಲೇ ಪ್ರಾಣಗೀಣ ಎಲ್ಲ ಬರೆದುಬಿಟ್ಟೆ. ಎರಡು ವರ್ಷದ ಮಗು ಇರುವ ಮನೆಗೆ ಹೋದ, ಖುಷಿಯಲ್ಲಿ ಮಗುವನ್ನು ಕೆಡವಿದ, ಆರನೇ ದಿನ ವಾಪಸ್. ಇನ್ನೊಂದು ಮನೆಗೆ ಹೋದ, ಅಲ್ಲಿಂದಲೂ ವಾಪಸ್. ಮೂರನೇ ಸಲ ಸಿಟ್ಟಿನಲ್ಲಿ ಇದ್ದದ್ದು ಇದ್ದ ಹಾಗೆ ಬರೆದೆ: "ಗುಂಡ ಎದುರು ಬಂದವರಿಗೆ ಎದೆಗೆ ಗುದ್ದಿ ಸ್ವಾಗತ ಕೋರುತ್ತಾನೆ. ಚಿಕ್ಕ ಮಕ್ಕಳ ಮನೆಗೆ ಬೇಡ. ದಿನಕ್ಕೆ ಎರಡು ಸಲ ಚೆನ್ನಾಗಿ ನಡೆಸದಿದ್ದರೆ ನಿಮ್ಮ ಚಪ್ಪಲಿಗೆ ನಾವು ಜವಾಬ್ದಾರರಲ್ಲ." ಮೂರು ವಾರದಲ್ಲಿ ಬಂದದ್ದು ಒಂದೇ ಫೋನ್. ಬೆಳಕು ಹರಿಯುವ ಮೊದಲೇ ಎದ್ದು ಮೈಲಿಗಟ್ಟಲೆ ನಡೆಯುವ ಮನುಷ್ಯ, ಜೊತೆಗೆ ಯಾರೂ ಬರಲ್ಲ ಅಂತ ಕೊರಗುತ್ತಿದ್ದರು. ಗುಂಡ ಇವತ್ತಿಗೂ ಅಲ್ಲೇ ಇದ್ದಾನೆ. ವರ್ಷಕ್ಕೊಂದು ಸಲ ಅವರು ನನಗೆ ಕಚ್ಚಿದ ಚಪ್ಪಲಿಯ ಫೋಟೋ ಕಳಿಸುತ್ತಾರೆ. ನನ್ನ ಹೆಸರು ಅಲ್ಲಿಂದಲೇ ಬಂದಿದ್ದು.

ನೂರು ಲೈಕ್ ಬಂದರೆ ನೂರು ಮನೆ ಸಿಕ್ಕಿದ ಹಾಗಲ್ಲ. ನಿಮಗೆ ಬೇಕಾದ್ದು ಒಂದು ಮನೆ. ಮಿಕ್ಕ ತೊಂಬತ್ತೊಂಬತ್ತು ಜನ ಓದಿ "ಅಯ್ಯೋ, ನಮಗಲ್ಲ" ಅಂತ ಮುಂದೆ ಹೋಗುವ ಹಾಗೆ ಬರೆಯಬೇಕು.

ಇನ್ನೊಂದು ತೊಡಕು ಏನೆಂದರೆ, ಶೆಲ್ಟರ್‌ನಲ್ಲಿ ಕಾಣುವ ನಾಯಿ ಪೂರ್ತಿ ನಾಯಿಯಲ್ಲ. ಮೊದಲ ವಾರ ಮೂಲೆಯಲ್ಲಿ ಮುದುರಿ ಕೂತಿದ್ದನ್ನು "ತುಂಬಾ ಶಾಂತ ಸ್ವಭಾವ" ಅಂತ ಬರೆಯುತ್ತೇವೆ. ಅದು ಹೆದರಿ ಹೆಪ್ಪುಗಟ್ಟಿರುತ್ತದೆ ಅಷ್ಟೇ. ಮನೆಗೆ ಹೋದ ಮೇಲೂ ಹೀಗೇ. ಮೂರು ದಿನ ಗಾಬರಿ, ಮೂರು ವಾರಕ್ಕೆ ಮನೆಯ ದಿನಚರಿ ಅರ್ಥವಾಗುವುದು, ಮೂರು ತಿಂಗಳಿಗೆ ತನ್ನದೇ ಮನೆ ಅನ್ನಿಸುವುದು ಅಂತ ಈ ಕೆಲಸದವರು ಒಂದು ಲೆಕ್ಕ ಹೇಳುತ್ತಾರೆ. ಅಂದಾಜಿನ ಲೆಕ್ಕ ಅದು, ನಾಯಿಗೆ ಕ್ಯಾಲೆಂಡರ್ ಗೊತ್ತಿಲ್ಲ. ಆದರೂ ಕರೆದುಕೊಂಡು ಹೋಗುವವರಿಗೆ ಇದನ್ನು ಮೊದಲೇ ಹೇಳಿದರೆ ನಾಲ್ಕನೇ ದಿನ ಬರುವ ಗಾಬರಿಯ ಫೋನ್ ಅರ್ಧ ಕಡಿಮೆಯಾಗುತ್ತದೆ.

ನಿಜ ತಿಳಿಯಲು ನನಗೆ ಗೊತ್ತಿರುವ ಒಳ್ಳೇ ದಾರಿ, ಒಂದೆರಡು ರಾತ್ರಿಗೆ ಯಾರದ್ದಾದರೂ ಮನೆಗೆ ಕಳಿಸುವುದು. ಪಾಪ, ಮನೆ ತೋರಿಸಿ ಮತ್ತೆ ಗೂಡಿಗೆ ತಂದರೆ ಇನ್ನೂ ಕುಗ್ಗಲ್ವಾ ಅಂತ ನಾನೂ ಹಿಂಜರಿಯುತ್ತಿದ್ದೆ. 2019ರಲ್ಲಿ ಅಮೆರಿಕದ 5 ಶೆಲ್ಟರ್‌ಗಳ 207 ನಾಯಿಗಳ ಮೇಲೆ ಇದನ್ನೇ ಪರೀಕ್ಷೆ ಮಾಡಿದ್ದಾರೆ. ಮೂತ್ರದಲ್ಲಿ ಕಾರ್ಟಿಸಾಲ್ ಅಳೆದರು, ಒತ್ತಡ ಇದ್ದಾಗ ಏರುವ ಹಾರ್ಮೋನು ಅದು. ಮನೆಯಲ್ಲಿ ಮಲಗಿದ ರಾತ್ರಿ ಇಳಿಯಿತು. ವಾಪಸ್ ಬಂದ ಮೇಲೆ ಮೊದಲಿದ್ದಷ್ಟಕ್ಕೇ ಬಂತು, ಅದಕ್ಕಿಂತ ಮೇಲೆ ಹೋಗಲಿಲ್ಲ. ಆಮೇಲೆ 2023ರಲ್ಲಿ 51 ಶೆಲ್ಟರ್‌ಗಳ ಲೆಕ್ಕ ಬಂತು. ಹೊರಗೆ ಸುತ್ತಾಡಿಸಿದ ನಾಯಿಗಳಿಗೆ ಮನೆ ಸಿಗುವ ಸಾಧ್ಯತೆ 5 ಪಟ್ಟು, ಒಂದೆರಡು ರಾತ್ರಿ ಯಾರದ್ದೋ ಮನೆಯಲ್ಲಿ ಇದ್ದು ಬಂದವಕ್ಕೆ 14 ಪಟ್ಟು ಜಾಸ್ತಿ. ಕರಿಯನನ್ನು ಈ ಶನಿವಾರವೇ ಯಾರದ್ದಾದರೂ ಮನೆಗೆ ಕಳಿಸಿ. ಭಾನುವಾರ ಸಂಜೆಗೆ ಅವನ ಬಗ್ಗೆ ಹತ್ತು ಹೊಸ ವಿಷಯ ಗೊತ್ತಾಗುತ್ತದೆ.

ಪ್ರಶ್ನೆ ಕೇಳುವುದು. "ನಿಮಗೆ ನಾಯಿ ಇಷ್ಟಾನಾ?" ಅಂತ ಕೇಳಬೇಡಿ, ಇಷ್ಟ ಇಲ್ಲದೆ ಬಂದಿರುತ್ತಾರಾ? "ಎಷ್ಟು ಹೊತ್ತು ಮನೆಯಲ್ಲಿರುತ್ತೀರಿ?" ಅಂದರೆ ಎಲ್ಲರೂ ಸುಮ್ನೆ "ಯಾರಾದರೂ ಇದ್ದೇ ಇರುತ್ತೇವೆ" ಅನ್ನುತ್ತಾರೆ. ನಾನು ಕೇಳುವುದು ನಿನ್ನೆಯ ಕಥೆ. "ನಿನ್ನೆ ಬೆಳಿಗ್ಗೆ ಯಾರು ಮೊದಲು ಹೊರಗೆ ಹೋದರು? ಸಂಜೆ ಯಾರು ಮೊದಲು ಬಂದರು?" ಅಂತ. ಮಾತು ತಾನಾಗಿ ಬರುತ್ತದೆ, ವಿಚಾರಣೆ ಅನ್ನಿಸಲ್ಲ, ಒಂಬತ್ತು ತಾಸು ಮನೆ ಖಾಲಿ ಇರುತ್ತೆ ಅನ್ನುವುದು ಅವರಿಗೇ ಹೊಳೆಯುತ್ತದೆ. ಹಾಗೆಯೇ "ಎಲ್ಲರೂ ಒಪ್ಪಿದ್ದಾರಾ?" ಅನ್ನುವ ಬದಲು "ಮನೆಯಲ್ಲಿ ಬೇಡ ಅನ್ನುತ್ತಿರುವವರು ಯಾರು?" ಅಂತ ನಗುತ್ತಾ ಕೇಳಿ. ಹತ್ತರಲ್ಲಿ ಎಂಟು ಸಲ ಒಂದು ಹೆಸರು ಬರುತ್ತದೆ. ನಾಯಿ ನೋಡಲು ಮೊದಲು ಬರಬೇಕಾದ್ದು ಅವರೇ. ಮುಂಚೆ ಸಾಕಿದ್ದ ನಾಯಿ ಏನಾಯಿತು ಅಂತ ಕೇಳಿ ಸುಮ್ಮನೆ ಕೂತುಬಿಡಿ. ಉತ್ತರಕ್ಕಿಂತ ಹೇಳುವ ರೀತಿ ನೋಡಿ.

ಹುಟ್ಟುಹಬ್ಬದವರಿಗೆ ಹೀಗೆ ಹೇಳಿ: ಒಂದು ಡಬ್ಬದಲ್ಲಿ ಖಾಲಿ ಬೆಲ್ಟ್, ಹಗ್ಗ, ಒಂದು ಬಟ್ಟಲು ಇಟ್ಟು ಮಗಳಿಗೆ ಕೊಡಿ. ಅದೇ ಸರ್ಪ್ರೈಸ್. ಮುಂದಿನ ವಾರ ಎಲ್ಲರೂ ಬಂದು ಆರಿಸಿ. ಬಲೂನ್ ಒಡೆಯುವ, ಹತ್ತು ಮಕ್ಕಳು ಎತ್ತಿ ಎತ್ತಿ ಆಡಿಸುವ ಮನೆಗೆ ಮೊದಲ ದಿನವೇ ಮರಿ ಹೋಗುವುದು ಬೇಡ. ಒಪ್ಪಿದರೆ ಒಳ್ಳೆಯವರು. ಒಪ್ಪದಿದ್ದರೆ ನಿಮಗೆ ಉತ್ತರ ಸಿಕ್ಕಿತಲ್ಲ.

ಇನ್ನು ಕರಿಯನ ಫೋಟೋ. ಹಿಂದೆ ಬಿಳಿ ಗೋಡೆ ಅಥವಾ ಬಿಸಿಲು ಇದ್ದರೆ ಕ್ಯಾಮೆರಾ ಆ ಬೆಳಕಿಗೆ ಹೊಂದಿಕೊಂಡು ನಾಯಿಯನ್ನು ಇನ್ನೂ ಕಪ್ಪು ಮಾಡುತ್ತದೆ. ಮೋಡ ಇರುವ ಹೊತ್ತು ಅಥವಾ ನೆರಳು ನೋಡಿ, ಹಿಂದೆ ಹುಲ್ಲೋ ಗಿಡವೋ ಇರಲಿ. ನೀವು ನೆಲಕ್ಕೆ ಕೂತು ಅವನ ಕಣ್ಣಿನ ಮಟ್ಟಕ್ಕೆ ಫೋನ್ ಹಿಡಿಯಿರಿ. ಸ್ಕ್ರೀನ್ ಮೇಲೆ ಅವನ ಮುಖ ಒತ್ತಿ ಬೆಳಕು ಸ್ವಲ್ಪ ಏರಿಸಿ. ಕಣ್ಣಲ್ಲಿ ಆಕಾಶದ ಒಂದು ಚೂರು ಹೊಳೆಯಬೇಕು, ಅಲ್ಲಿವರೆಗೂ ತೆಗೆಯುತ್ತಲೇ ಇರಿ. ಕತ್ತಿಗೆ ಹಳದಿ ಬಟ್ಟೆ ಕಟ್ಟಿ. ಸರಳಿನ ಹಿಂದಿನ ಫೋಟೋ ಮಾತ್ರ ಬೇಡವೇ ಬೇಡ, ಜೈಲಿನ ಫೋಟೋ ಥರ ಕಾಣುತ್ತೆ.

ಯಾರಾದರೂ ನೋಡಲು ಬರುವ ದಿನ ಮೊದಲೇ ಅವನನ್ನು ಒಂದು ಸುತ್ತು ನಡೆಸಿ ತನ್ನಿ. 2014ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಜನ ಒಂದು ನಾಯಿಯ ಜೊತೆ ಕಳೆದದ್ದು ಸರಾಸರಿ 8 ನಿಮಿಷ. ಅಷ್ಟರಲ್ಲಿ ಹತ್ತಿರ ಬಂದು ಮಲಗಿದ, ಆಟಕ್ಕೆ ಕರೆದರೆ ಬಂದ ನಾಯಿಗಳಿಗೆ ಮನೆ ಜಾಸ್ತಿ ಸಿಕ್ಕಿತು. ಆದ್ದರಿಂದ ದೊಡ್ಡ ಅಂಗಳಕ್ಕೆ ಬಿಡಬೇಡಿ, ಹತ್ತು ವಾಸನೆ ಹಿಡಿದು ಹೋಗಿಬಿಡುತ್ತಾನೆ. ಸಣ್ಣ ಕೋಣೆ, ಅವನಿಗೆ ಇಷ್ಟದ ಆಟಿಕೆ ಒಂದು. ಸಾಕು. 7 ವರ್ಷ ಅನ್ನುವುದನ್ನು ಮುಚ್ಚಿಡಬೇಡಿ. ಇನ್ನೆಷ್ಟು ಎತ್ತರ ಬೆಳೆಯುತ್ತಾನೋ, ಯಾವ ಬುದ್ಧಿ ಬರುತ್ತೋ ಅನ್ನುವ ಯಾವ ಅನುಮಾನವೂ ಈ ನಾಯಿಯಲ್ಲಿ ಇಲ್ಲ. ಮರಿ ಸಾಕಿ ಸುಸ್ತಾದವರಿಗೆ ಅದರ ಬೆಲೆ ಗೊತ್ತು.

ಒಂದು ಮರೆತೆ. ಹೊಸ ಮನೆಗೆ ಹೋದ ಮೊದಲ ದಿನಗಳಲ್ಲೇ ನಾಯಿ ತಪ್ಪಿಸಿಕೊಳ್ಳುವ ಭಯ ಜಾಸ್ತಿ. ಬೆಲ್ಟ್‌ಗೊಂದು, ಎದೆಗೆ ಹಾಕುವ ಹಾರ್ನೆಸ್‌ಗೊಂದು, ಎರಡು ಹಗ್ಗ ಹಾಕಿ ಕಳಿಸಿ. ಮೈಕ್ರೋಚಿಪ್ ಇದ್ದರೆ ಅದು ಜಿಪಿಎಸ್ ಅಲ್ಲ ಅಂತ ಹೇಳಿ. ಅದರಲ್ಲಿ ಇರುವುದು 15 ಅಂಕಿಯ ನಂಬರ್ ಮಾತ್ರ. ಆ ನಂಬರ್ ಹೊಸ ಮನೆಯವರ ಹೆಸರಿಗೆ ಬದಲಾಗದಿದ್ದರೆ ಫೋನ್ ಬರುವುದು ನಿಮ್ಮ ಶೆಲ್ಟರ್‌ಗೇ.

ವಾಪಸ್_ಕೊಟ್ಟವಳು:

ನಾನು ಆ ಕಡೆಯವಳು. ಒಂದು ನಾಯಿಯನ್ನು 9ನೇ ದಿನ ವಾಪಸ್ ಕೊಟ್ಟಿದ್ದೇನೆ. ಅವತ್ತು ಶೆಲ್ಟರ್ ಬಾಗಿಲಲ್ಲಿ ಕಾರು ನಿಲ್ಲಿಸಿ ಇಳಿಯಲು ಆಗದೆ ಅರ್ಧ ಗಂಟೆ ಕೂತಿದ್ದೆ. ಬೈತಾರೆ ಅಂದುಕೊಂಡಿದ್ದೆ.

ಅಲ್ಲಿದ್ದ ವಾಲಂಟಿಯರ್ ಬೈಯಲಿಲ್ಲ. ಒಂದು ಹಾಳೆ, ಪೆನ್ನು ಕೊಟ್ಟರು. "ಈ ಒಂಬತ್ತು ದಿನ ಅವಳು ಏನೇನು ಮಾಡಿದಳು, ಎಷ್ಟು ಹೊತ್ತಿಗೆ, ಅದಕ್ಕೆ ಮುಂಚೆ ಏನಾಗಿತ್ತು, ಎಲ್ಲ ಬರೆಯಿರಿ. ಚೆನ್ನಾಗಿದ್ದದ್ದೂ ಬರೆಯಿರಿ" ಅಂದರು. ಎರಡೂ ಬದಿ ತುಂಬಿತು. ಕುಕ್ಕರ್ ಕೂಗಿದರೆ ಬಚ್ಚಲಿಗೆ ಓಡುತ್ತಾಳೆ, ಕಾರಿನಲ್ಲಿ ವಾಂತಿ ಮಾಡಲ್ಲ, ಛತ್ರಿ ಬಿಚ್ಚಿದರೆ ಬೊಗಳುತ್ತಾಳೆ. ಇಂಥವೇ. ಆ ಹಾಳೆ ನೋಡಿಯೇ ಮುಂದಿನ ಮನೆಯವರು ಒಪ್ಪಿದರಂತೆ. ಎರಡು ವರ್ಷ ಬಿಟ್ಟು ನಾನು ಅದೇ ಶೆಲ್ಟರ್‌ಗೆ ಹೋಗಿ ಒಂದು ಮುದಿ ಬೆಕ್ಕು ತಂದೆ. ಅವತ್ತು ಬೈದಿದ್ದರೆ ಆ ಕಡೆ ತಲೆ ಹಾಕುತ್ತಿರಲಿಲ್ಲ.

ಚುಕ್ಕಿಯನ್ನು ವಾಪಸ್ ತಂದವರಿಗೆ ಫೋನ್ ಮಾಡಿ. 11 ದಿನ ಅವಳ ಜೊತೆ ಒಂದೇ ಮನೆಯಲ್ಲಿ ಇದ್ದವರು ಅವರು. ನಿಮಗಿಂತ ಜಾಸ್ತಿ ಗೊತ್ತಿರುತ್ತೆ.

ಮಂಚದ_ಕೆಳಗೆ:

ಎಲ್ಲರೂ ನಾಯಿ ನಾಯಿ ಅನ್ನುತ್ತಿದ್ದೀರಿ. ನಾನು ಬೆಕ್ಕಿನ ಪಕ್ಷ.

ಶೆಲ್ಟರ್‌ನಲ್ಲಿ ಬೆಕ್ಕು ಬೆನ್ನು ತೋರಿಸಿ ಕೂತಿರುತ್ತದೆ. ಬಂದವರು "ಇದಕ್ಕೆ ಜನ ಆಗಲ್ಲ ಅನ್ಸುತ್ತೆ" ಅಂತ ಹೋಗಿಬಿಡುತ್ತಾರೆ. ಕಾಣಲಿ ಅಂತ ಕೆಲವರು ಅಡಗುವ ಡಬ್ಬವನ್ನೇ ತೆಗೆದುಬಿಡುತ್ತಾರೆ. ಅದನ್ನು ಮಾತ್ರ ಮಾಡಬೇಡಿ. 2014ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಹೊಸದಾಗಿ ಶೆಲ್ಟರ್‌ಗೆ ಬಂದ 19 ಬೆಕ್ಕುಗಳಲ್ಲಿ ಕೆಲವಕ್ಕೆ ಡಬ್ಬ ಕೊಟ್ಟು, ಕೆಲವಕ್ಕೆ ಕೊಡದೆ ನೋಡಿದರು. ಡಬ್ಬ ಸಿಕ್ಕವು ಮೂರನೇ ದಿನಕ್ಕೇ ಗಾಬರಿ ಕಡಿಮೆಯಾಗಿ ನೆಲೆಯಾದವು. ಒಂದು ರಟ್ಟಿನ ಡಬ್ಬ ಸಾಕು, ಬಾಯಿ ಸ್ವಲ್ಪ ಓರೆ ಮಾಡಿ ಇಡಿ. ಬೆಕ್ಕಿಗೆ ಅಡಗಿದ ಧೈರ್ಯ, ನೋಡುವವರಿಗೆ ಮೂತಿ ಕಾಣುತ್ತೆ.

ಬಂದವರಿಗೆ ಕಣ್ಣು ನಿಧಾನಕ್ಕೆ ಮುಚ್ಚಿ ತೆರೆಯಲು ಹೇಳಿಕೊಡಿ. ಬೆಕ್ಕೂ ತಿರುಗಿ ಹಾಗೇ ಮಾಡುವುದು, ಹತ್ತಿರ ಬರಲು ಒಪ್ಪುವುದು ಜಾಸ್ತಿ ಅಂತ 2020ರಲ್ಲಿ ಪರೀಕ್ಷೆ ಮಾಡಿ ತೋರಿಸಿದ್ದಾರೆ. ನಾನು ನೋಡಿದ ಹಾಗೆ ಆ ಒಂದು ಮಿಟುಕಿಗೇ ಮನಸ್ಸು ಕೊಟ್ಟವರು ಎಷ್ಟೋ ಜನ.

ಕಳಿಸುವಾಗ ಹೇಳಬೇಕಾದ್ದು: ಮೊದಲು ಒಂದೇ ಕೋಣೆ. ಮಂಚದ ಕೆಳಗೆ ಸೇರಿಕೊಳ್ಳುತ್ತೆ, ಎಳೆಯಬೇಡಿ. ಆದರೆ ಒಂದು ದಿನ ದಾಟಿದರೂ ಏನೂ ಮುಟ್ಟದಿದ್ದರೆ ಡಾಕ್ಟರಿಗೆ ಫೋನ್ ಮಾಡಬೇಕು. ಬೆಕ್ಕು ಕೆಲವು ದಿನ ಉಪವಾಸ ಬಿದ್ದರೆ ಲಿವರ್‌ನಲ್ಲಿ ಕೊಬ್ಬು ತುಂಬಿ ಜೀವಕ್ಕೇ ಬರುತ್ತದೆ, ದಪ್ಪ ಬೆಕ್ಕಾದರಂತೂ ಇನ್ನೂ ಬೇಗ. ಮನೆಯಲ್ಲಿ ಇನ್ನೊಂದು ಬೆಕ್ಕು ಇದ್ದರೆ ಮುಖ ತೋರಿಸುವ ಮೊದಲು ಎರಡೂ ಮಲಗಿದ ಬಟ್ಟೆ ಅದಲುಬದಲು ಮಾಡಲಿ. ಲಿಲ್ಲಿ ಹೂವು ಮನೆಯೊಳಗೆ ಬೇಡ, ಕಿಡ್ನಿ ಹೋಗುತ್ತೆ. ಜ್ವರ ಅಂತ ಪ್ಯಾರಾಸಿಟಮಾಲ್ ಕೊಡಲೇಬಾರದು. ಈ ಕೊನೆಯದ್ದನ್ನು ನಾನು ದೊಡ್ಡ ಅಕ್ಷರದಲ್ಲಿ ಬರೆದು ಬೆಕ್ಕಿನ ಬುಟ್ಟಿಗೇ ಅಂಟಿಸಿ ಕಳಿಸುತ್ತೇನೆ.

ಓದಿ_ಹೋಗುವವ:

ಒಂದು ಸಣ್ಣ ಪ್ರಶ್ನೆ. ಬಂದವರಿಗೆ ಕೊಡಬಾರದು ಅನ್ನಿಸಿದರೆ ಮುಖದ ಮೇಲೆ "ಇಲ್ಲ" ಅನ್ನುವುದು ಹೇಗೆ? ನನಗಂತೂ ಬಾಯಿ ಬರಲ್ಲ.

ಅರ್ಧ_ಚಪ್ಪಲಿ:

"ನಿಮಗೆ ಕೊಡಲ್ಲ" ಅನ್ನಬೇಡಿ, "ಈ ನಾಯಿ ನಿಮ್ಮ ಮನೆಗೆ ಆಗಲ್ಲ" ಅನ್ನಿ, ಆಗುವ ಇನ್ನೊಂದು ಇದ್ದರೆ ತೋರಿಸಿ. ಕಾರಣ ಒಂದೇ ಹೇಳಿ. ಮೂರು ಕಾರಣ ಕೊಟ್ಟರೆ ಮೂರಕ್ಕೂ ವಾದ ಶುರುವಾಗುತ್ತೆ. ಹಗಲೂ ರಾತ್ರಿ ಕಟ್ಟಿಯೇ ಹಾಕುತ್ತೇವೆ ಅನ್ನುವವರು, ಸಂತಾನಹರಣ ಆಪರೇಷನ್ ಮಾಡಿಸದ ಹೆಣ್ಣೇ ಬೇಕು ಅನ್ನುವವರು, ಆಮೇಲೆ ನೀವು ಫೋನ್ ಮಾಡಿ ವಿಚಾರಿಸಬಾರದು ಅನ್ನುವವರು, ಇವರಿಗೆ ಮಾತ್ರ ನನ್ನ ಹತ್ತಿರ ಇನ್ನೊಂದು ನಾಯಿ ಇಲ್ಲ. ಬಾಯಿ ಬರದಿದ್ದರೆ "ನಾಳೆ ತಿಳಿಸುತ್ತೇನೆ" ಅಂತ ಹೇಳಿ ಮೆಸೇಜ್ ಹಾಕಿ. ನಾನು ಮೂರು ವರ್ಷ ಹಾಗೇ ಮಾಡಿದ್ದು.

ಸೋಮವಾರದ_ವಾಲಂಟಿಯರ್:

ಮೂರು ವಾರ ಆಯಿತು, ಏನಾಯಿತು ಅಂತ ಹೇಳಿ ಹೋಗೋಣ ಅಂತ ಬಂದೆ.

ಚುಕ್ಕಿಯನ್ನು ವಾಪಸ್ ತಂದ ಮನೆಗೆ ಫೋನ್ ಮಾಡಿದೆ. ಅಜ್ಜಿಯೇ ಎತ್ತಿದರು. ನಾಯಿ ಬೇಡ ಅಂದಿದ್ದವರು ಅವರೇ ಅಂತೆ, ನಾನು ಕೇಳಿಯೇ ಇರಲಿಲ್ಲ. ಆದರೆ ಮುಕ್ಕಾಲು ಗಂಟೆ ಮಾತಾಡಿದರು. ಅವಳು ಮಲಗಿದ್ದಾಗ ಅವರು ಅವಳನ್ನು ದಾಟಿ ಹೋಗುತ್ತಿದ್ದರಂತೆ, ಆಗ ಗುರ್ರ್ ಅಂದಿದ್ದು. ಎಚ್ಚರ ಇದ್ದಾಗ ಒಂದು ದಿನವೂ ಇಲ್ಲ. ಮನೆಯವರೆಲ್ಲ ಹೊರಗೆ ಹೋದ ಕೂಡಲೇ ಊಳಿಡುತ್ತಿದ್ದಳು, ಅಜ್ಜಿ ಒಬ್ಬರೇ ಇದ್ದರೂ ಸಾಕು, ಸುಮ್ಮನಿರುತ್ತಿದ್ದಳಂತೆ. ಕೊನೆಗೆ "ಊಟ ಮಾಡ್ತಾ ಇದೆಯಾ ಅದು?" ಅಂತ ಕೇಳಿದರು.

ಪೋಸ್ಟ್ ಮತ್ತೆ ಬರೆದೆ: "ಚುಕ್ಕಿಗೆ ಒಂಟಿಯಾಗಿರಲು ಬರುವುದಿಲ್ಲ. ಮನೆಯಲ್ಲಿ ಇನ್ನೊಂದು ನಾಯಿಯೋ, ಇಡೀ ದಿನ ಇರುವ ಒಬ್ಬರೋ ಬೇಕೇ ಬೇಕು. ಮಲಗಿದ್ದಾಗ ದಾಟಬೇಡಿ, ಹೆಸರು ಕರೆದು ಎಬ್ಬಿಸಿ. ಬಾಗಿಲಿನ ಚೌಕಟ್ಟು ಒಂದು ಸಲ ಕಚ್ಚಿದ್ದಾಳೆ." ಮೊದಲಿನ ಪೋಸ್ಟ್‌ಗೆ 300 ಲೈಕ್ ಬಂದಿತ್ತು, ಇದಕ್ಕೆ 22. ಫೋನ್ ಎರಡು. ಒಬ್ಬರ ಮನೆಯಲ್ಲಿ ಐದು ವರ್ಷದ ಗಂಡು ನಾಯಿ ಇದೆ, ಜೊತೆಯದ್ದು ಸತ್ತ ಮೇಲೆ ಅದೂ ಸಪ್ಪಗಾಗಿದೆಯಂತೆ. ಎರಡನ್ನೂ ಹೊರಗೆ ಪಕ್ಕಪಕ್ಕ ನಡೆಸಿ ನೋಡಿದೆವು. ಚುಕ್ಕಿ ಅದರ ಹೆಜ್ಜೆಗೆ ಹೆಜ್ಜೆ ಹಾಕಿದಳು. ಈಗ ಅವರ ಮನೆಯಲ್ಲಿದ್ದಾಳೆ, ಇವತ್ತಿಗೆ ಆರನೇ ದಿನ. ಮೂರು ತಿಂಗಳವರೆಗೆ ಏನೂ ಹೇಳಲ್ಲ.

ಹುಟ್ಟುಹಬ್ಬದವರು ಖಾಲಿ ಬೆಲ್ಟಿನ ಐಡಿಯಾ ಕೇಳಿದ ಮೇಲೆ ಫೋನ್ ಮಾಡಿಲ್ಲ.

ಕರಿಯ ಎರಡು ರಾತ್ರಿ ನಮ್ಮ ಮನೆಯಲ್ಲೇ ಇದ್ದ. ಗೊರಕೆ ಹೊಡೆಯುತ್ತಾನೆ, ಅದೂ ಎಂಥ ಗೊರಕೆ! ಮಿಕ್ಸಿ ಶಬ್ದಕ್ಕೆ ಹೆದರಲ್ಲ, ಕಿಟಕಿ ಪರದೆ ಅಲ್ಲಾಡಿದರೆ ಹೆದರುತ್ತಾನೆ. ಫೋಟೋದಲ್ಲಿ ಕೊನೆಗೂ ಕಣ್ಣು ಬಂತು, 41ನೇ ಫೋಟೋಗೆ. ಮೊನ್ನೆ ಒಬ್ಬರು ಫೋನ್ ಮಾಡಿ ಎಲ್ಲ ಕೇಳಿಸಿಕೊಂಡು "ನಮ್ಮದು ಎರಡನೇ ಮಹಡಿ, ಲಿಫ್ಟ್ ಇಲ್ಲ. ಮೆಟ್ಟಿಲು ಹತ್ತುತ್ತಾನಾ?" ಅಂದರು. ಮುಂಚೆ ಆಗಿದ್ದರೆ ಹೂಂ ಅಂದುಬಿಡುತ್ತಿದ್ದೆ. ಗೊತ್ತಿಲ್ಲ, ನಾಳೆ ಹತ್ತಿಸಿ ನೋಡಿ ಹೇಳುತ್ತೇನೆ ಅಂದೆ.

ಅರ್ಧ_ಚಪ್ಪಲಿ:

ಇಳಿಸಿಯೂ ನೋಡಿ. ಹಿಂಗಾಲು ನೋಯುತ್ತಿದ್ದರೆ ಹತ್ತುವಾಗ ತಡೆಯುತ್ತಾನೆ, ಮುಂಗಾಲಾದರೆ ಇಳಿಯುವಾಗ. ಒಂದೇ ಸಲಕ್ಕೆ ಬಿಡಬೇಡಿ, ಮಾರನೇ ದಿನ ಬೆಳಿಗ್ಗೆ ಏಳುವಾಗ ಹೇಗೆ ಎದ್ದ ಅನ್ನುವುದನ್ನೂ ಗಮನಿಸಿ. ವಿಡಿಯೋ ಮಾಡಿ ಅವರಿಗೇ ಕಳಿಸಿ. ಗೊರಕೆಯದ್ದೂ ಕಳಿಸಿ.